ಹದಿನಾರರಿಂದ ಹದಿನೆಂಟು: ಯಾರ ಲೆಕ್ಕಕ್ಕೂ ಸೇರದ ಎರಡು ವರ್ಷ

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂತು. ಸುಮಾರು 8.42 ಲಕ್ಷ ವಿದ್ಯಾರ್ಥಿಗಳಲ್ಲಿ ಪಾಸಾದವರು ಸುಮಾರು 5.25 ಲಕ್ಷ. ಶೇ 91.12 ಫಲಿತಾಂಶ ಪಡೆದ ದಕ್ಷಿಣ ಕನ್ನಡ ಮೊದಲ ಸ್ಥಾನದಲ್ಲಿತ್ತು, ಶೇ 42.43 ಪಡೆದ ಕಲಬುರಗಿ ಕೊನೆಯಲ್ಲಿತ್ತು. ಪ್ರತಿ ವರ್ಷದಂತೆ ಚರ್ಚೆ ನಡೆದದ್ದು ಯಾವ ಜಿಲ್ಲೆ ಮೇಲೇರಿತು, ಯಾವುದು ಕೆಳಗಿಳಿಯಿತು ಎಂಬುದರ ಮೇಲೆ. ಉಳಿದ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಒಂದಷ್ಟು ಮಂದಿ ಎರಡನೇ, ಮೂರನೇ ಪರೀಕ್ಷೆ ಕಟ್ಟಿ ಪಾಸಾದರು. ಆಗಲೂ ಆಗದವರು ಎಲ್ಲಿಗೆ ಹೋದರು ಎಂದು ಕೇಳಿದರೆ ಉತ್ತರ ಕೊಡಬೇಕಾದ ಇಲಾಖೆ ಯಾವುದು ಎಂಬುದೇ ಗೊತ್ತಾಗುವುದಿಲ್ಲ.

ವೃತ್ತಿ ಶಿಕ್ಷಣದ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ ಯಂತ್ರ, ಲ್ಯಾಬ್, ಹೊಸ ಕೋರ್ಸ್, ಉದ್ಯಮದ ಸಹಭಾಗಿತ್ವ ಇವುಗಳ ಸುತ್ತಲೇ ಮಾತು ಸುತ್ತುತ್ತದೆ. ಅವೆಲ್ಲ ಬೇಕು. ಆದರೆ ಬಡ ಮನೆಯ ಹುಡುಗ ಅಥವಾ ಹುಡುಗಿ ಕೈ ತಪ್ಪಿಹೋಗುವುದು ಇವುಗಳ ಕೊರತೆಯಿಂದಲ್ಲ, ಶಾಲೆ ಬಿಟ್ಟ ದಿನದಿಂದ ಮೊದಲ ಕೆಲಸದಲ್ಲಿ ನೆಲೆ ನಿಲ್ಲುವವರೆಗಿನ ಎರಡು ಮೂರು ವರ್ಷಗಳಲ್ಲಿ. ಆ ಅವಧಿಗೆ ಸರ್ಕಾರದಲ್ಲಿ ಹೊಣೆಗಾರರೇ ಇಲ್ಲ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ವಯಸ್ಸಿನ ಲೆಕ್ಕ ನೋಡಿ. ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ಕೈ ಹಿಡಿಯುವುದು 14 ವರ್ಷದವರೆಗೆ, ಅಂದರೆ ಎಂಟನೇ ತರಗತಿವರೆಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, 14ರಿಂದ 18ರೊಳಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. ಉಳಿದ ಕೆಲಸಗಳಿಗೆ ಕಾನೂನಿನಲ್ಲಿ ಅವಕಾಶ ಇದೆ. ಆದರೆ ನಿಯಮ ಪಾಲಿಸುವ ದೊಡ್ಡ ಕಾರ್ಖಾನೆಗಳು 18 ತುಂಬದವರನ್ನು ಸಾಮಾನ್ಯವಾಗಿ ಗೇಟಿನಿಂದಲೇ ವಾಪಸ್ ಕಳಿಸುತ್ತವೆ. ಹದಿನಾರಕ್ಕೆ ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಬಾಗಿಲು ತೆರೆದಿರುವುದು ನಿಯಮ ಪಾಲಿಸದ ಜಾಗಗಳಲ್ಲಿ ಮಾತ್ರ: ಗ್ಯಾರೇಜು, ಹೋಟೆಲು, ಕೇಟರಿಂಗ್, ಗಾರೆ ಕೆಲಸ, ಊರಿನ ಮೇಸ್ತ್ರಿಯ ಹಿಂದೆ ಬೆಂಗಳೂರು. ಅಲ್ಲಿ ಕಲಿಯುವುದೂ ಇದೆ, ಇಲ್ಲವೆನ್ನಲಾರೆ. ಒಳ್ಳೆಯ ಮೆಕ್ಯಾನಿಕ್‌ಗಳು ಎಷ್ಟೋ ಮಂದಿ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಲೇ ಕೆಲಸ ಕಲಿತವರು. ಆದರೆ ಅಲ್ಲಿ ಕಲಿತದ್ದಕ್ಕೆ ಕಾಗದ ಇಲ್ಲ, ಕೈಗೆ ಪೆಟ್ಟಾದರೆ ಪರಿಹಾರ ಇಲ್ಲ, ಮುಂದಿನ ಮೆಟ್ಟಿಲೂ ಇಲ್ಲ.

ಹುಡುಗಿಯರದ್ದು ಇನ್ನೂ ಕಷ್ಟ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿದೆ. ಶಾಲೆ ಬಿಟ್ಟ ಹುಡುಗಿ ಮನೆಯಲ್ಲಿ ಕೂತಷ್ಟು ದಿನವೂ ಮನೆಯವರ ಮೇಲೆ ನೆಂಟರಿಷ್ಟರ ಒತ್ತಡ ಏರುತ್ತಲೇ ಹೋಗುತ್ತದೆ. ದೇವನಹಳ್ಳಿಯ ಕಡೆ, ಕೋಲಾರದ ಬಳಿಯ ನರಸಾಪುರದ ಕಡೆ ಮೊಬೈಲ್ ಫೋನ್ ಕಾರ್ಖಾನೆಗಳು ಸಾವಿರಾರು ಯುವತಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿವೆ ನಿಜ. ಆದರೆ ಅವಕ್ಕೆ ಬೇಕಾದವರು 18 ತುಂಬಿದವರು. ಅಲ್ಲಿಯವರೆಗಿನ ಎರಡು ವರ್ಷ ಆ ಹುಡುಗಿಯನ್ನು ಮನೆಯಿಂದ ಹೊರಗೆ, ಒಂದು ತರಗತಿಯಲ್ಲೋ ವರ್ಕ್‌ಶಾಪಿನಲ್ಲೋ ಇರಿಸಲು ಸಾಧ್ಯವಾದರೆ ಅವಳ ಬದುಕಿನ ದಾರಿಯೇ ಬೇರೆಯಾಗುತ್ತದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಬಸ್ಸಿನ ಖರ್ಚು ಇಲ್ಲವಾಗಿಸಿರುವುದು ಈ ವಿಷಯದಲ್ಲಿ ದೊಡ್ಡ ಸಹಾಯ. ತಾಲ್ಲೂಕು ಕೇಂದ್ರದ ಐಟಿಐಗೆ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆಗೆ, ಹುಡುಗಿಯನ್ನು ಕಳಿಸದಿರಲು ಅಪ್ಪ ಹೇಳುತ್ತಿದ್ದ ಕಾರಣಗಳಲ್ಲಿ ಒಂದಾದರೂ ಕಡಿಮೆಯಾಗಿದೆ.

ಪಾಸಾದವರಿಗೆ ಮಾತ್ರ ಯೋಜನೆ

ಈಗ ಯುವಜನರಿಗಾಗಿ ಇರುವ ಯೋಜನೆಗಳ ಅರ್ಹತೆಯ ಕಾಲಂ ಓದಿ ನೋಡಿ. ಯುವನಿಧಿಗೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಒಳ್ಳೆಯ ಯೋಜನೆ. ಆದರೆ ಐಟಿಐ ಮುಗಿಸಿದವರು ಅದರಲ್ಲಿ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನಿಂತವರ ಮಾತಂತೂ ದೂರ. ಕೇಂದ್ರದ ಪಿಎಂ ಇಂಟರ್ನ್‌ಶಿಪ್ ಯೋಜನೆ ಐಟಿಐನವರನ್ನೂ ಸೇರಿಸಿಕೊಂಡು ಶುರುವಿನಲ್ಲಿ ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿತ್ತು. 2024ರಲ್ಲಿ ಅದು ಶುರುವಾದಾಗ ಇಟ್ಟ ವಯೋಮಿತಿ 21ರಿಂದ 24. ಹದಿನೆಂಟಕ್ಕೆ ಐಟಿಐ ಮುಗಿಸಿದ ಹುಡುಗ ಅಷ್ಟರವರೆಗೆ ಎಲ್ಲಿ ಕಾಯಬೇಕು?

ಇದಕ್ಕಿಂತ ಸೂಕ್ಷ್ಮವಾದ, ಯಾರ ಕಣ್ಣಿಗೂ ಬೀಳದ ಒಂದು ತೊಡಕು ಇದೆ. ಐಟಿಐಗಳಲ್ಲಿ ಎಲ್ಲ ಟ್ರೇಡ್‌ಗಳಿಗೂ, ಅಂದರೆ ಕಸುಬಿನ ಕೋರ್ಸ್‌ಗಳಿಗೂ, ಎಸ್ಸೆಸ್ಸೆಲ್ಸಿ ಬೇಕಿಲ್ಲ. ಎಲೆಕ್ಟ್ರಿಷಿಯನ್, ಫಿಟ್ಟರ್‌ನಂಥವಕ್ಕೆ ಬೇಕು. ವೆಲ್ಡರ್, ವೈರ್‌ಮನ್, ಹೊಲಿಗೆಯಂಥ ಕೆಲವಕ್ಕೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಅಂದರೆ ಎಸ್ಸೆಸ್ಸೆಲ್ಸಿ ಫೇಲಾದ ಮಕ್ಕಳಿಗೆಂದೇ ತೆರೆದಿಟ್ಟ ಬಾಗಿಲು ಇದು. ಆದರೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಕೊಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಪ್ರವೇಶಕ್ಕೆ ಹತ್ತನೇ ತರಗತಿ ಕಡ್ಡಾಯವಿರುವ ಕೋರ್ಸ್‌ಗಳಿಗೆ ಮೀಸಲು. ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಶಾಲೆಯಲ್ಲಿ ಇರುವವರಿಗೆ. ಎಂಟನೇ ತರಗತಿಯ ಅಂಕಪಟ್ಟಿ ಹಿಡಿದು ವೆಲ್ಡರ್ ಟ್ರೇಡಿಗೆ ಸೇರಿದ ಹುಡುಗ ಅತ್ತ ಶಾಲೆಯವನೂ ಅಲ್ಲ, ಇತ್ತ ಮೆಟ್ರಿಕ್ ದಾಟಿದವನೂ ಅಲ್ಲ. ಎರಡು ನಿಯಮಗಳ ನಡುವೆ ಬೀಳುವವನು ಎಲ್ಲರಿಗಿಂತ ಹೆಚ್ಚು ನೆರವು ಬೇಕಾದವನೇ ಆಗಿರುವುದು ನನ್ನನ್ನು ಬಹಳ ಕಾಡುವ ಸಂಗತಿ. ಇದನ್ನು ಸರಿಪಡಿಸಲು ಹೊಸ ಕಟ್ಟಡ ಬೇಡ, ಅರ್ಹತೆಯ ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಆಯಿತು.

ಕಲ್ಯಾಣ ಕರ್ನಾಟಕದಲ್ಲಿ ಇದಕ್ಕೆ ಗುಳೆಯೂ ಸೇರುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿಯ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿಸಿ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯಲೋ ಹೊರಟರೆ ಯುಗಾದಿ ಹೊತ್ತಿಗೆ ಮರಳುತ್ತವೆ. ಹೈಸ್ಕೂಲು ಓದುವ ಮಗ ಜೊತೆಗೆ ಹೋದರೆ ಹಾಜರಾತಿ ಹೋಯಿತು, ಹೋಗದಿದ್ದರೆ ಅಡುಗೆ ಮಾಡಿ ಹಾಕುವವರಿಲ್ಲ. ಕಲಬುರಗಿಯ ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇ 42 ಎಂಬ ಅಂಕಿಯ ಹಿಂದೆ ಶಿಕ್ಷಕರ ಕೊರತೆ ಎಷ್ಟಿದೆಯೋ ಗುಳೆಯ ಪಾಲೂ ಅಷ್ಟೇ ಇದೆ ಎಂದು ನನ್ನ ಅಂದಾಜು. ಐಟಿಐ ಸೇರಿದರೂ ಕಥೆ ಬದಲಾಗುವುದಿಲ್ಲ. ಅಖಿಲ ಭಾರತ ಟ್ರೇಡ್ ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಬೇಕು. ಮನೆಯ ಖರ್ಚಿಗೆ ವಾರಕ್ಕೆರಡು ದಿನ ಕೂಲಿಗೆ ಹೋಗುವ ಹುಡುಗನಿಗೆ ಆ ಗೆರೆ ಮುಟ್ಟುವುದೇ ಕಷ್ಟ.

ವರ್ಕ್‌ಶಾಪಿನ ಒಳಗೆ

ಫಿಟ್ಟರ್ ಟ್ರೇಡಿನ ಮೊದಲ ವಾರಗಳು ಹೇಗಿರುತ್ತವೆ ಎಂದು ನೋಡಿದರೆ ಈ ಶಿಕ್ಷಣದ ಬೆಲೆ ಗೊತ್ತಾಗುತ್ತದೆ. ಕೈಗೆ ಒಂದು ಕಬ್ಬಿಣದ ಪಟ್ಟಿ ಕೊಡುತ್ತಾರೆ. ಅದನ್ನು ವೈಸಿಗೆ ಕಚ್ಚಿಸಿ ಅರದಿಂದ ಉಜ್ಜುತ್ತಾ ಹೋಗಬೇಕು. ಮೇಲ್ಮೈ ಸಮ ಆಯಿತೇ ಎಂದು ತಿಳಿಯಲು ಟ್ರೈ ಸ್ಕ್ವೇರ್ ಎಂಬ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಅಲಗಿನ ಕೆಳಗೆ ಬೆಳಕಿನ ಗೆರೆ ಕಂಡರೆ ಮತ್ತೆ ಉಜ್ಜಬೇಕು. ಕಾಣದೇ ಹೋದಾಗ ಆ ‘ಜಾಬ್’ ಮುಗಿಯಿತು. ಪರೀಕ್ಷೆಯಲ್ಲಿ ಗಣಿತ ಬರೆಯಲಾರದೆ ತಲೆ ತಗ್ಗಿಸಿದ್ದ ಹುಡುಗ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಮಿಲಿಮೀಟರಿನ ಐವತ್ತನೇ ಒಂದು ಪಾಲನ್ನು ಓದತೊಡಗುತ್ತಾನೆ. ದಶಮಾಂಶ ಅಂದರೆ ಏನು ಎಂದು ಅವನಿಗೆ ಆಗ ಕೈಯ ಮೂಲಕ ಅರ್ಥವಾಗುತ್ತದೆ. ಚೆನ್ನಾಗಿ ಕಲಿಸುವ ಜೆಟಿಒ, ಅಂದರೆ ಕಿರಿಯ ತರಬೇತಿ ಅಧಿಕಾರಿ ಸಿಕ್ಕರೆ ಐಟಿಐ ಎಂಥ ಜಾಗ ಆಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸರ್ಕಾರ ಹಣ ಹಾಕಿಲ್ಲ ಎಂದೂ ಹೇಳುವಂತಿಲ್ಲ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸುವ ‘ಉದ್ಯೋಗ’ ಯೋಜನೆಗೆ ವೆಚ್ಚವಾದದ್ದು 4,600 ಕೋಟಿ ರೂಪಾಯಿಗೂ ಹೆಚ್ಚು; ಅದರಲ್ಲಿ ದೊಡ್ಡ ಪಾಲು ಟಾಟಾ ಮತ್ತು ಪಾಲುದಾರ ಕಂಪನಿಗಳದ್ದು, ಉಳಿದದ್ದು ಸರ್ಕಾರದ್ದು. 2022ರ ಜೂನ್ 20ರಂದು ಪ್ರಧಾನಿ ಈ ಐಟಿಐಗಳನ್ನು ಬೆಂಗಳೂರಿನಲ್ಲಿ ಲೋಕಾರ್ಪಣೆ ಮಾಡಿದರು. ರೋಬಾಟಿಕ್ಸ್, ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳು, ವಿದ್ಯುತ್ ವಾಹನದ ಕೋರ್ಸ್ ಎಲ್ಲ ಬಂದವು. 2025ರ ಅಕ್ಟೋಬರಿನಲ್ಲಿ ಕೇಂದ್ರ ಪಿಎಂ-ಸೇತು ಎಂಬ ಯೋಜನೆಗೆ ಚಾಲನೆ ನೀಡಿತು: 60,000 ಕೋಟಿ ರೂಪಾಯಿ, ದೇಶದ 1,000 ಐಟಿಐಗಳು, 200 ಮುಖ್ಯ ಕೇಂದ್ರಗಳ ಸುತ್ತ 800 ಉಪಕೇಂದ್ರಗಳು.

ಯಂತ್ರ ಬಂದರೂ ಅದನ್ನು ಕಲಿಸುವವರು ಬೇಕಲ್ಲ. ಜೆಟಿಒ ಹುದ್ದೆಗಳ ನೇಮಕಾತಿ ವರ್ಷಗಟ್ಟಲೆ ಎಳೆದಾಡಿದ್ದನ್ನು ಅಭ್ಯರ್ಥಿಗಳು ಇನ್ನೂ ಮರೆತಿಲ್ಲ. ಅತಿಥಿ ಬೋಧಕರನ್ನು ನೆಚ್ಚಿಕೊಂಡ ಸಂಸ್ಥೆಯಲ್ಲಿ ಯಾವ ಹುಡುಗ ಮೂರು ದಿನದಿಂದ ಬಂದಿಲ್ಲ, ಯಾಕೆ ಬಂದಿಲ್ಲ ಎಂದು ವಿಚಾರಿಸುವ ಮನುಷ್ಯನೇ ಇರುವುದಿಲ್ಲ. ಬಡ ಮಕ್ಕಳು ಕೋರ್ಸ್ ಬಿಡುವುದು ಒಂದು ದಿನ ಕೂತು ತೀರ್ಮಾನ ಮಾಡಿ ಅಲ್ಲ. ಮೂರು ದಿನ ತಪ್ಪುತ್ತದೆ, ಆಮೇಲೆ ವಾರ ತಪ್ಪುತ್ತದೆ, ಹಾಜರಾತಿ ಕಡಿಮೆಯಾಯಿತು ಎಂಬ ಭಯಕ್ಕೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಆ ಮೂರನೇ ದಿನ ಮನೆಗೆ ಒಂದು ಫೋನ್ ಹೋದರೆ ಎಷ್ಟೋ ಮಂದಿ ಉಳಿಯುತ್ತಾರೆ. ಇದು ಯಾವ ಯೋಜನಾ ವರದಿಯಲ್ಲೂ ಬರುವ ಖರ್ಚಲ್ಲ.

ಶಾಲೆಯ ಮಟ್ಟದಲ್ಲಿ ಆದ ಪ್ರಯತ್ನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1986ರ ಶಿಕ್ಷಣ ನೀತಿ ಹತ್ತನೇ ತರಗತಿ ನಂತರದ ವಿದ್ಯಾರ್ಥಿಗಳಲ್ಲಿ ಶೇ 25 ಮಂದಿಯನ್ನು 1995ರೊಳಗೆ ವೃತ್ತಿ ಕೋರ್ಸ್‌ಗಳಿಗೆ ತರುತ್ತೇವೆ ಎಂದಿತ್ತು. 2020ರ ನೀತಿ 2025ರೊಳಗೆ ಅರ್ಧದಷ್ಟು ವಿದ್ಯಾರ್ಥಿಗಳಿಗಾದರೂ ವೃತ್ತಿ ಶಿಕ್ಷಣದ ಪರಿಚಯವಾಗಬೇಕು ಎಂದಿತು. ನಮ್ಮ ಪಿಯು ಕಾಲೇಜುಗಳಲ್ಲಿ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸ್‌ಗಳು ದಶಕಗಟ್ಟಲೆ ನಡೆದು ಕೊನೆಗೆ ಮುಚ್ಚಿಹೋದವು. ಅಲ್ಲಿದ್ದ ಅರೆಕಾಲಿಕ ನೌಕರರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳಲು 2011ರಲ್ಲಿ ಕಾಯ್ದೆಯೇ ಆಯಿತು. ಈಗ ಕೆಲವು ಹೈಸ್ಕೂಲುಗಳಲ್ಲಿ ತೃತೀಯ ಭಾಷೆಯ ಬದಲು ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ವಿಷಯಗಳಾದ ಆಟೊಮೊಬೈಲ್, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮುಂತಾದವನ್ನು ತೆಗೆದುಕೊಳ್ಳಬಹುದು. ರುಚಿ ತೋರಿಸುವ ಮಟ್ಟಿಗೆ ಇದು ಸರಿ. ಇದರಿಂದ ಕೆಲಸ ಸಿಗುತ್ತದೆ ಎಂದು ಮಕ್ಕಳಿಗೆ ಹೇಳಬಾರದು.

ಅಪ್ಪ ಅಮ್ಮಂದಿರ ಅನುಮಾನಕ್ಕೆ ಅರ್ಥವಿದೆ

“ಸರ, ಐಟಿಐ ಓದಿದ್ರ ನೌಕರಿ ಸಿಗತದೇನ್ರಿ?” ಕಲಬುರಗಿ ಕಡೆಯ ಹೈಸ್ಕೂಲಿನ ಯಾವ ಮೇಷ್ಟ್ರನ್ನು ಕೇಳಿದರೂ ಈ ಪ್ರಶ್ನೆ ಕೇಳಿಸಿಕೊಂಡಿರುತ್ತಾರೆ. ವೃತ್ತಿ ಶಿಕ್ಷಣವನ್ನು ಪೋಷಕರು ಕೀಳಾಗಿ ಕಾಣುತ್ತಾರೆ, ಅವರ ಮನೋಭಾವ ಬದಲಾಗಬೇಕು ಎಂದು ವೇದಿಕೆಗಳಲ್ಲಿ ಹೇಳುವುದು ಸುಲಭ. ನನಗೆ ಆ ಮಾತು ಸರಿಕಾಣುವುದಿಲ್ಲ. ಕೈ ಕೆಲಸವನ್ನು ಜಾತಿಗೆ ಕಟ್ಟಿಹಾಕಿದ ಸಮಾಜ ನಮ್ಮದು. ಚಪ್ಪಲಿ ಹೊಲಿಯುವ, ಮಡಕೆ ಮಾಡುವ, ಕಲ್ಲು ಒಡೆಯುವ ಮನೆಗಳಿಂದ ಬಂದವರು ತಮ್ಮ ಮಕ್ಕಳು ಕುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೆ ಹೋಗಲಿ ಎಂದು ಬಯಸಿದರೆ ಅದು ಅಹಂಕಾರವಲ್ಲ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಸರ್ಕಾರ ಶಾಲೆಯ ಅವಧಿಯನ್ನು ಮೊಟಕುಗೊಳಿಸಿ ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯ ಕಸುಬು ಕಲಿಯಲಿ ಎಂದಾಗ ಎದ್ದ ವಿರೋಧಕ್ಕೆ ಇದೇ ಕಾರಣವಿತ್ತು. ಮರುವರ್ಷ ಆ ಯೋಜನೆ ಬಿದ್ದುಹೋಯಿತು. ‘ಓದಿನಲ್ಲಿ ಹಿಂದಿರುವವನು, ಐಟಿಐಗೆ ಹಾಕಿ’ ಎಂದು ಹೈಸ್ಕೂಲಿನಲ್ಲಿ ಹೇಳುವಾಗ ಆ ಸಾಲಿನಲ್ಲಿ ಯಾರ ಮಕ್ಕಳು ನಿಂತಿದ್ದಾರೆ ಎಂದು ಒಮ್ಮೆ ನೋಡಬೇಕು.

ಈ ಅನುಮಾನಕ್ಕೆ ಉತ್ತರ ಭಾಷಣವಲ್ಲ, ಮೇಲೇರುವ ಮೆಟ್ಟಿಲು. ಆ ಮೆಟ್ಟಿಲು ಕಾಗದದ ಮೇಲೆ ಇದೆ, ಹೇಳುವವರಿಲ್ಲ. ಎಂಟನೇ ತರಗತಿ ಮೇಲೆ ಎರಡು ವರ್ಷದ ಐಟಿಐ ಸೇರಿ ಪಾಸಾದವರು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಭಾಷಾ ಪರೀಕ್ಷೆ ಬರೆದು ಹತ್ತನೇ ತರಗತಿಗೆ ಸಮಾನವಾದ ಪ್ರಮಾಣಪತ್ರ ಪಡೆಯಬಹುದು. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಐಟಿಐ ಮಾಡಿದವರು ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷ. ಫಿಟ್ಟರ್ ಆಗಿ ಶುರುಮಾಡಿದವರು ಬಿಇ ಮುಗಿಸುವ ದಾರಿ ಇದು. ಹತ್ತನೇ ತರಗತಿಯ ಗೋಡೆಯ ಮೇಲೆ ಈ ದಾರಿಯ ನಕ್ಷೆ ಇರುವ ಒಂದು ದೊಡ್ಡ ಹಾಳೆ ಅಂಟಿಸಿದರೂ ಸಾಕು, ಪೋಷಕರ ಸಭೆಯಲ್ಲಿ ಮಾತೇ ಬದಲಾಗುತ್ತದೆ.

ಮೊದಲ ಆರು ತಿಂಗಳು

ಐಟಿಐ ಮುಗಿದ ಮೇಲಿನ ಹೆಜ್ಜೆ ಅಪ್ರೆಂಟಿಸ್‌ಶಿಪ್, ಅಂದರೆ ಸ್ಟೈಪೆಂಡ್ ಪಡೆಯುತ್ತಾ ಕಾರ್ಖಾನೆಯಲ್ಲೇ ಕೆಲಸ ಕಲಿಯುವುದು. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯ ನಿಯಮಗಳನ್ನು 2019ರಲ್ಲಿ ಬದಲಾಯಿಸಿದ ಮೇಲೆ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಆಗ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ಹತ್ತನೇ ತರಗತಿಯವರಿಗೆ 6,000 ರೂಪಾಯಿ, ಐಟಿಐನವರಿಗೆ 7,000. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಇದರ ನಾಲ್ಕನೇ ಒಂದು ಭಾಗವನ್ನು, ಗರಿಷ್ಠ 1,500 ರೂಪಾಯಿವರೆಗೆ, ಸರ್ಕಾರ ಭರಿಸುತ್ತದೆ. 5,000ದಿಂದ 9,000 ಇದ್ದ ಸ್ಟೈಪೆಂಡ್ ಶ್ರೇಣಿಯನ್ನು 6,800ರಿಂದ 12,300ಕ್ಕೆ ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆರು ವರ್ಷಗಳ ನಂತರ ಬಂದ ಮಾತು.

ಈಗ ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಬಂದ ಹದಿನೆಂಟರ ಹುಡುಗನ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಕೋಣೆಗೆ ಮುಂಗಡ ಬೇಕು, ಸ್ಟೈಪೆಂಡ್ ಬರುವುದು ತಿಂಗಳು ಕಳೆದ ಮೇಲೆ. ಮೂವರು ಸೇರಿ ಒಂದು ಕೋಣೆ ಮಾಡಿದರೂ ಬಾಡಿಗೆ, ಮೆಸ್ಸು, ಬಸ್ಸು, ಮೊಬೈಲ್ ರೀಚಾರ್ಜ್ ಕಳೆದರೆ ಏಳು ಸಾವಿರದಲ್ಲಿ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಮನೆಯಲ್ಲಿ ಅವನ ದುಡಿಮೆಗೆ ಕಾದು ಕೂತವರು ಇದ್ದಾರೆ. ಪಕ್ಕದ ಕೋಣೆಯವನು ಡೆಲಿವರಿ ಮಾಡುತ್ತಾ ವಾರವಾರ ಕೈಯಲ್ಲಿ ಕಾಸು ಆಡಿಸುತ್ತಿದ್ದಾನೆ. ಎರಡು ವರ್ಷ ಅರ ಉಜ್ಜಿ ಕಲಿತ ಕೈ ಸ್ಕೂಟರಿನ ಹ್ಯಾಂಡಲ್ ಹಿಡಿಯುವುದು ಇಲ್ಲಿಯೇ. ಅವನಿಗೆ ಛಲ ಇಲ್ಲ ಎನ್ನುವವರು ಆ ತಿಂಗಳ ಲೆಕ್ಕವನ್ನು ತಾವೇ ಬರೆದು ನೋಡಲಿ.

ಕಾನೂನಿನ ದೃಷ್ಟಿಯಲ್ಲಿ ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ. ಸುರಕ್ಷತೆಯ ನಿಯಮ, ಗಾಯಕ್ಕೆ ಪರಿಹಾರ ಇವೆ; ಪಿಎಫ್, ಇಎಸ್‌ಐ ಇಲ್ಲ. ಕಲಿಕೆ ಮುಗಿದ ಮೇಲೆ ಕೆಲಸ ಕೊಡಬೇಕೆಂಬ ಕಡ್ಡಾಯವೂ ಇಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಎಚ್‌ಎಂಟಿ, ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳಲ್ಲಿ ಅಪ್ರೆಂಟಿಸ್ ಆದವರಿಗೆ ಕಾಯಂ ಕೆಲಸದ ಭರವಸೆ ಇತ್ತು. ಹಳ್ಳಿಯ ಎಷ್ಟೋ ಕುಟುಂಬಗಳು ಮಧ್ಯಮ ವರ್ಗಕ್ಕೆ ಕಾಲಿಟ್ಟದ್ದು ಆ ದಾರಿಯಲ್ಲಿ. ಈಗ ಬಹುಪಾಲು ಕಡೆ ಅಪ್ರೆಂಟಿಸ್ ಆದಮೇಲೆ ಗುತ್ತಿಗೆ, ಗುತ್ತಿಗೆ ಆದಮೇಲೆ ಇನ್ನೊಂದು ಗುತ್ತಿಗೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಐಫೋನ್ ಘಟಕದಲ್ಲಿ ಕಾರ್ಮಿಕರ ಸಿಟ್ಟು ಗಲಭೆಯಾಗಿ ಒಡೆಯಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಗುತ್ತಿಗೆಯ ಯುವಜನರು. ಹೇಳಿದಷ್ಟು ಸಂಬಳ ಕೈಗೆ ಬರುತ್ತಿಲ್ಲ ಎಂಬುದು ಅವರ ದೂರು. ಗಲಭೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಆಮೇಲೆ ನಡೆದ ತನಿಖೆಯಲ್ಲಿ ಕಾರ್ಮಿಕ ಕಾನೂನುಗಳ ಉಲ್ಲಂಘನೆ ಕಂಡುಬಂತು, ಕಂಪನಿಯೂ ಕ್ಷಮೆ ಕೇಳಿತು. ಮೊದಲ ಕೆಲಸದಲ್ಲೇ ಇಂಥ ಅನುಭವವಾದ ಹುಡುಗ ಊರಿಗೆ ಮರಳಿ ಏನು ಹೇಳುತ್ತಾನೆ, ಅದನ್ನು ಕೇಳಿದ ಕಿರಿಯರು ಐಟಿಐಗೆ ಯಾಕೆ ಸೇರುತ್ತಾರೆ ಎಂಬುದನ್ನೂ ಯೋಚಿಸಬೇಕು.

ತರಬೇತಿಯ ಲೆಕ್ಕಪತ್ರ ನಿಲ್ಲುವುದು ಕೂಡ ಬೇಗ. ಗ್ರಾಮೀಣ ಬಡ ಯುವಜನರಿಗಾಗಿ 2014ರಲ್ಲಿ ಬಂದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಮೂರು ತಿಂಗಳ ಸಂಬಳದ ದಾಖಲೆ ಇದ್ದರೆ ಅದು ಪ್ಲೇಸ್‌ಮೆಂಟ್. ಇದೇ ಯೋಜನೆಯಲ್ಲಿ ಹೊಲಿಗೆ ಯಂತ್ರದ ತರಬೇತಿ ಪಡೆದ ಒಡಿಶಾ, ಜಾರ್ಖಂಡ್‌ನ ಯುವತಿಯರು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಗೆ ಬಂದರು. ಭಾಷೆ ಬಾರದ ಊರು, ಹಾಸ್ಟೆಲಿನ ಕಟ್ಟುಪಾಡು, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್, ಕೈಗೆ ಬಂದ ಸಂಬಳದಲ್ಲಿ ಊಟ ವಸತಿಯ ಕಡಿತ. ಹಲವರು ಕೆಲವೇ ತಿಂಗಳಲ್ಲಿ ಊರಿಗೆ ಮರಳಿದರು. ನಾಲ್ಕನೇ ತಿಂಗಳಲ್ಲಿ ರೈಲು ಹತ್ತಿದವಳೂ ಅಂಕಿಅಂಶದಲ್ಲಿ ಯಶಸ್ಸಿನ ಪಟ್ಟಿಯಲ್ಲೇ ಇರುತ್ತಾಳೆ.

ಜರ್ಮನಿಯ ವ್ಯವಸ್ಥೆಯನ್ನು ನಮ್ಮವರು ಬಹಳ ಹೊಗಳುತ್ತಾರೆ. ಅಲ್ಲಿನ ಮುಖ್ಯ ಗುಟ್ಟು ಯಂತ್ರದಲ್ಲಿಲ್ಲ. ಹುಡುಗ ಮೊದಲು ಕಂಪನಿಯ ಜೊತೆ ತರಬೇತಿ ಒಪ್ಪಂದ ಮಾಡಿಕೊಳ್ಳುತ್ತಾನೆ, ಆಮೇಲೆ ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ, ಒಂದೆರಡು ದಿನ ವೃತ್ತಿ ಶಾಲೆಯಲ್ಲಿ ಕಲಿಯುತ್ತಾನೆ. ಕಲಿಕೆಯ ಮೊದಲ ದಿನದಿಂದಲೇ ಅವನಿಗೊಬ್ಬ ಯಜಮಾನ ಇದ್ದಾನೆ, ಕೈಗೆ ಭತ್ಯೆ ಬರುತ್ತದೆ. ನಮ್ಮಲ್ಲಿ ಮೊದಲು ಕಲಿ, ಆಮೇಲೆ ಹುಡುಕು ಎಂಬ ಕ್ರಮ. ಹುಡುಕುವ ಆ ತಿಂಗಳುಗಳ ಖರ್ಚನ್ನು ಹೊರಬಲ್ಲ ಮನೆಯ ಮಕ್ಕಳಷ್ಟೇ ನಿಲ್ಲುತ್ತಾರೆ.

ಇಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಇದೆ. ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಬಡ ಮಕ್ಕಳಿಗೆ ಮೂರು ವರ್ಷ ಊಟ, ವಸತಿ ಸಮೇತ ಉಚಿತವಾಗಿ ಕಲಿಸುತ್ತದೆ. ವಸತಿ ಕೊಟ್ಟು, ದಿನಚರಿ ಕೊಟ್ಟು, ಕಾರ್ಖಾನೆಯ ಪಕ್ಕದಲ್ಲೇ ಕಲಿಸಿದರೆ ಹಳ್ಳಿಯ ಮಕ್ಕಳು ಏನು ಮಾಡಬಲ್ಲರು ಎಂದು ಅದು ತೋರಿಸಿಕೊಟ್ಟಿದೆ. ಆದರೆ ಅದು ಆಯ್ಕೆ ಪರೀಕ್ಷೆ ನಡೆಸಿ, ಬಡವರಲ್ಲೇ ಚುರುಕಾದವರನ್ನು ಆರಿಸಿಕೊಳ್ಳುವ ಜಾಗ. ಆಯ್ಕೆಯಾಗದವರ ಹೊಣೆಯನ್ನು ಒಂದು ಕಂಪನಿಯ ಮೇಲೆ ಹೊರಿಸುವಂತಿಲ್ಲ, ಅದು ಸರ್ಕಾರದ್ದು.

ಹದಿನೆಂಟನೇ ಹುಟ್ಟುಹಬ್ಬ

ಎಲ್ಲರಿಗಿಂತ ತೆಳುವಾದ ಹಗ್ಗದ ಮೇಲೆ ನಡೆಯುವವರು ಬಾಲಮಂದಿರಗಳಲ್ಲಿ ಬೆಳೆದವರು. ಬಾಲನ್ಯಾಯ ಕಾಯ್ದೆ, 2015ರ 46ನೇ ಸೆಕ್ಷನ್ ಪ್ರಕಾರ 18 ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಸಮಾಜದಲ್ಲಿ ನೆಲೆ ನಿಲ್ಲಲು ಹಣಕಾಸಿನ ನೆರವು ಸಿಗಬೇಕು. 21 ವರ್ಷದವರೆಗೆ ಅನುಪಾಲನೆಗೆ, ಅಂದರೆ ಹೊರಬಂದ ಮೇಲೂ ನೋಡಿಕೊಳ್ಳಲು, ಅವಕಾಶವಿದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಬೇರೆ ಮಕ್ಕಳಿಗೆ ಹದಿನೆಂಟು ತುಂಬಿದ ದಿನ ಮನೆ ಬದಲಾಗುವುದಿಲ್ಲ. ಇವರಿಗೆ ಬದಲಾಗುತ್ತದೆ.

ಅವರ ಮುಂದಿನ ತೊಡಕು ಕೌಶಲದ್ದಲ್ಲ, ಕಾಗದದ್ದು. ಐಟಿಐ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಅದಕ್ಕೆ ತಂದೆಯ ದಾಖಲೆ ಬೇಕು. ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ನೋಂದಾಯಿಸಲು ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಬೇಕು, ಒಟಿಪಿ ಬರಲು ಸ್ವಂತ ಮೊಬೈಲ್ ನಂಬರ್ ಬೇಕು. ಆಧಾರ್‌ನಲ್ಲಿ ಸಂಸ್ಥೆಯ ವಿಳಾಸ, ಸಂಸ್ಥೆಯ ಸೂಪರಿಂಟೆಂಡೆಂಟರ ನಂಬರ್ ಇದ್ದರೆ ಹೊರಬಂದ ಮರುದಿನದಿಂದ ಯಾವುದೂ ನಡೆಯುವುದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳು ಹದಿನಾರನೇ ವಯಸ್ಸಿನಲ್ಲೇ ಈ ಐದಾರು ಕಾಗದಗಳನ್ನು ಒಂದು ಫೈಲಿನಲ್ಲಿ ಸೇರಿಸಿಡಬೇಕು, ಮಗು ಸಂಸ್ಥೆಯಲ್ಲಿ ಇರುವಾಗಲೇ ಹತ್ತಿರದ ಐಟಿಐಗೆ ಸೇರಿಸಿ ಕೋರ್ಸ್ ಮುಗಿಯುವವರೆಗೆ ವಸತಿ ಬದಲಾಗದಂತೆ ನೋಡಿಕೊಳ್ಳಬೇಕು. ಇದನ್ನು ತಡೆಯುವ ಕಾನೂನು ಯಾವುದೂ ಇಲ್ಲ.

ಹೆಸರು ಹಿಡಿದು ಹುಡುಕುವುದು

ಶಾಲಾ ಶಿಕ್ಷಣ ಇಲಾಖೆ ಫಲಿತಾಂಶ ಎಣಿಸುತ್ತದೆ, ಕೌಶಲ್ಯಾಭಿವೃದ್ಧಿ ಇಲಾಖೆ ಪ್ರವೇಶ ಎಣಿಸುತ್ತದೆ, ಸಮಾಜ ಕಲ್ಯಾಣ ಇಲಾಖೆ ವಿದ್ಯಾರ್ಥಿವೇತನ ಎಣಿಸುತ್ತದೆ, ಕಾರ್ಮಿಕ ಇಲಾಖೆ ದಾಳಿಗಳನ್ನು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ತಡೆದ ಬಾಲ್ಯವಿವಾಹಗಳನ್ನು. ಎಣಿಕೆಯಲ್ಲಿ ಇರುವವಳು ಒಬ್ಬಳೇ ಹುಡುಗಿ, ಆದರೆ ಅವಳನ್ನು ಉದ್ದಕ್ಕೂ ನೋಡುವವರಿಲ್ಲ. ಕರ್ನಾಟಕದಲ್ಲಿ ಶಾಲೆಗೆ ಹೋಗುವ ಪ್ರತಿ ಮಗುವಿಗೆ ಸ್ಯಾಟ್ಸ್ ಸಂಖ್ಯೆ ಇದೆ. ಒಂದನೇ ತರಗತಿಯಿಂದ ಅವಳ ಹೆಸರು, ಊರು, ಶಾಲೆ ಎಲ್ಲ ಅದರಲ್ಲಿವೆ. ಐಟಿಐ ಪ್ರವೇಶಕ್ಕೆ, ಅಪ್ರೆಂಟಿಸ್ ನೋಂದಣಿಗೆ, ಅನುಪಾಲನೆಯ ಕಡತಕ್ಕೆ ಅದೇ ಸಂಖ್ಯೆ ಬಳಸಿದರೆ ಎಸ್ಸೆಸ್ಸೆಲ್ಸಿ ಬರೆದು ಎಲ್ಲಿಯೂ ಸೇರದವರ ಪಟ್ಟಿ ಪ್ರತಿ ತಾಲ್ಲೂಕಿನಲ್ಲೂ ಹೆಸರು ಸಮೇತ ಸಿಗುತ್ತದೆ.

ಪಟ್ಟಿ ಸಿಕ್ಕಮೇಲೆ ಮನೆ ಬಾಗಿಲಿಗೆ ಹೋಗುವವರು ಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಈಗ ಅರಿವು ಕೇಂದ್ರಗಳಾಗಿರುವ ಗ್ರಂಥಾಲಯಗಳಿವೆ, ಹಲವು ಕಡೆ ಕಂಪ್ಯೂಟರ್, ಇಂಟರ್ನೆಟ್ ಕೂಡ ಇದೆ. ಫೇಲಾದ ಮಕ್ಕಳಿಗೆ ಮರುಪರೀಕ್ಷೆಗೋ ವೆಲ್ಡರ್ ಟ್ರೇಡಿಗೋ ಅರ್ಜಿ ಹಾಕಿಸಲು, ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ಹೆಸರು ಸೇರಿಸಲು ಅದಕ್ಕಿಂತ ಹತ್ತಿರದ ಜಾಗ ಇನ್ನೊಂದಿಲ್ಲ. ಆದರೆ ಈ ಕೆಲಸ ಗ್ರಂಥಪಾಲಕರ ಪುಕ್ಕಟೆ ಸೇವೆಯಾಗಬಾರದು. ಅದಕ್ಕೆಂದೇ ತಾಲ್ಲೂಕಿಗೆ ಒಂದಿಬ್ಬರು, ಸಂಬಳ ಕೊಟ್ಟು, ಹುಡುಗ ಹುಡುಗಿಯರನ್ನು ಕೋರ್ಸಿನ ಕೊನೆವರೆಗೆ ಮತ್ತು ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳವರೆಗೆ ವಿಚಾರಿಸಿಕೊಳ್ಳುವವರು ಇರಬೇಕು.

ಹಣದ ವಿಷಯಕ್ಕೆ ಬಂದರೆ ಯುವನಿಧಿಯ ನಿಯಮವನ್ನೇ ಸ್ವಲ್ಪ ಬದಲಿಸಬಹುದು. ಐಟಿಐ ಪಾಸಾಗಿ ಅಪ್ರೆಂಟಿಸ್ ಆಗಿ ಬೇರೆ ಊರಿಗೆ ಹೋದವರಿಗೆ ಮೊದಲ ಆರು ತಿಂಗಳು ಡಿಪ್ಲೊಮಾದವರಿಗೆ ಕೊಡುವಷ್ಟೇ, ಅಂದರೆ 1,500 ರೂಪಾಯಿ ಕೊಟ್ಟರೆ ಒಬ್ಬರಿಗೆ ತಗಲುವುದು ಒಟ್ಟು 9,000 ರೂಪಾಯಿ. ಇದು ನಿರುದ್ಯೋಗದ ಭತ್ಯೆಯಲ್ಲ, ಕೆಲಸದಲ್ಲಿ ನಿಲ್ಲಲು ಕೊಡುವ ಕೋಣೆ ಬಾಡಿಗೆ. ಕಂಪನಿಗಳ ಜೊತೆ ಸೇರಿ ನಾಲ್ಕು ಸಾವಿರ ಕೋಟಿಗೂ ಮೀರಿ ಯಂತ್ರಗಳಿಗೆ ಹಾಕಿದ ರಾಜ್ಯಕ್ಕೆ, ಆ ಯಂತ್ರಗಳ ಮೇಲೆ ಕಲಿತವರನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಇಷ್ಟು ಭಾರವಾಗಬಾರದು. ಮುಂದಿನ ಫಲಿತಾಂಶ ಬರುವ ಮೊದಲೇ ಒಂದು ಜಿಲ್ಲೆಯಲ್ಲಿ, ಕಲಬುರಗಿಯಲ್ಲೇ, ಇದನ್ನು ಶುರುಮಾಡಬಹುದು.